ಮಾತೃಭಾಷೆಯ ಪಾಠ ಮೂಲಭೂತ ಹಕ್ಕಾಗಬೇಕೇ? ಕಾಸರಗೋಡಿನ ಪರ-ವಿರೋಧ

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರಯತ್ನಿಸಬೇಕು ಅಂತ ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಸಂವಿಧಾನಕ್ಕೆ ತಿದ್ದುಪಡಿ ತಂದು ಇದನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಬೇಕೇ? ಕಾಸರಗೋಡಿನ ಇಬ್ಬರು ಕನ್ನಡಿಗರು ಇಲ್ಲಿ ಬರೆದಿದ್ದಾರೆ. ಒಬ್ಬರು ವಕೀಲರು, ಇನ್ನೊಬ್ಬರು ಕನ್ನಡ ಮಾಧ್ಯಮ ಶಾಲೆಯ ನಿವೃತ್ತ ಅಧ್ಯಾಪಕರು. ಬೇಕು ಅಂದವರು ವಕೀಲರು. ಬೇಡ ಅಂದವರು ಮಾಷ್ಟ್ರು.

ಪರ: ಸರಕಾರದ ಮರ್ಜಿಗೆ ಬಿಟ್ಟದ್ದು ಸಾಕು

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿಕೊಂಡು ಕೇರಳಕ್ಕೆ ಸೇರಿತು. ಅದೇ ದಿನ ಸಂವಿಧಾನದ ಏಳನೇ ತಿದ್ದುಪಡಿಯೂ ಜಾರಿಗೆ ಬಂತು. ಗಡಿ ಎಳೆದಾಗ ಆಚೆ ಉಳಿದುಬಿಡುವ ನಮ್ಮಂಥವರ ಗತಿ ಏನು ಅಂತ ಯಾರೋ ಯೋಚಿಸಿರಬೇಕು. ಆ ತಿದ್ದುಪಡಿಯಲ್ಲಿ 350ಎ, 350ಬಿ ಅಂತ ಎರಡು ವಿಧಿಗಳಿದ್ದವು. ಮೊದಲನೆಯದು ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ. ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸುವುದಕ್ಕೆ.

ಕೊಟ್ಟದ್ದೇನೋ ಒಳ್ಳೆಯದೇ. ಆದರೆ ಎಲ್ಲಿ ಇಟ್ಟರು ನೋಡಿ. ಮೂಲಭೂತ ಹಕ್ಕುಗಳಿರುವುದು ಸಂವಿಧಾನದ ಮೂರನೇ ಭಾಗದಲ್ಲಿ. ಇವೆರಡನ್ನು ಇಟ್ಟದ್ದು ಅಧಿಕೃತ ಭಾಷೆಯ ಹದಿನೇಳನೇ ಭಾಗದಲ್ಲಿ. ಮೂಲಭೂತ ಹಕ್ಕಿಗೆ ಪೆಟ್ಟು ಬಿದ್ದರೆ 32ನೇ ವಿಧಿ ಹಿಡಿದು ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು. 350ಎ ಹಿಡಿದುಕೊಂಡು ಹಾಗೆ ಹೋಗಲು ಬರುವುದಿಲ್ಲ. ವಿಶೇಷಾಧಿಕಾರಿ ರಾಷ್ಟ್ರಪತಿಗೆ ವರದಿ ಕೊಡುತ್ತಾರೆ, ವರದಿ ಸಂಸತ್ತಿನ ಮುಂದೆ ಬರುತ್ತದೆ, ರಾಜ್ಯಗಳಿಗೂ ಹೋಗುತ್ತದೆ. ಹೀಗೆ ಮಾಡಿ ಅಂತ ಆದೇಶ ಕೊಡುವ ಅಧಿಕಾರ ಮಾತ್ರ ಅವರಿಗಿಲ್ಲ. ಸರಕಾರ "ಪ್ರಯತ್ನ ಮಾಡುತ್ತಾ ಇದ್ದೇವೆ" ಅಂದರೆ ಮಾತು ಅಲ್ಲಿಗೇ ಮುಗಿಯಿತು.

ಇದರ ಫಲ ಏನು ಅಂತ ನೋಡಲು ಹೈಸ್ಕೂಲಿನ ಒಂದು ಗಣಿತ ಪೀರಿಯಡ್ ಸಾಕು. ಮಕ್ಕಳ ಪುಸ್ತಕ ಕನ್ನಡದ್ದು. ಪಾಠ ಮಾಡುವವರು ಪಿ.ಎಸ್.ಸಿ. (ಕೇರಳ ಲೋಕಸೇವಾ ಆಯೋಗ) ಲಿಸ್ಟಿನಿಂದ ಬಂದವರು, ಅವರಿಗೆ ಕನ್ನಡ ಬಾರದು. ಪುಸ್ತಕದಲ್ಲಿ ಲಂಬಕೋನ ತ್ರಿಭುಜ ಅಂತ ಇದೆ, ಅವರು 'ಮಟ್ಟತ್ರಿಕೋಣಂ' ಅನ್ನುತ್ತಾರೆ. ಬೋರ್ಡಿನ ಮೇಲೆ ಚಿತ್ರ ಬಿಡಿಸುವವರೆಗೆ ಎಲ್ಲ ಸರಿ. ಆಮೇಲೆ ಸೂತ್ರವನ್ನು ವಿವರಿಸುವಾಗ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಸ್ವಲ್ಪ ಮಲಯಾಳಂ ಬಲ್ಲ ಹುಡುಗಿಯೊಬ್ಬಳು ಹಿಂದೆ ತಿರುಗಿ ಪಕ್ಕದವರಿಗೆ ಪಿಸುಪಿಸು ಹೇಳುತ್ತಾಳೆ. "ಏನಲ್ಲಿ ಮಾತು?" ಅಂತ ಅವಳಿಗೇ ಬೈಗುಳ. ಇಂಥ ನೇಮಕಾತಿಯ ವಿರುದ್ಧ ಜಿಲ್ಲೆಯಲ್ಲಿ ಮಕ್ಕಳು ತರಗತಿ ಬಿಟ್ಟು ಹೊರಗೆ ಕೂತದ್ದುಂಟು, ಪೋಷಕರು ಗೇಟಿನ ಮುಂದೆ ನಿಂತದ್ದುಂಟು. ಆ ಅಧ್ಯಾಪಕರ ತಪ್ಪೂ ಅಲ್ಲ ಅನ್ನಿ. ಅವರಿಗೂ ಕೆಲಸ ಬೇಕಿತ್ತು.

"ವೋಟು ಹಾಕಿ ಸರಿಮಾಡಿಕೊಳ್ಳಿ" ಅಂತ ಕೆಲವರು ಹೇಳುತ್ತಾರೆ. ಲೆಕ್ಕ ಹಾಕೋಣ. ಕೇರಳ ವಿಧಾನಸಭೆಯಲ್ಲಿ 140 ಸೀಟು. ಕಾಸರಗೋಡು ಜಿಲ್ಲೆಗೆ ಐದು. ಅದರಲ್ಲಿ ಕನ್ನಡಿಗರ ಮಾತಿಗೆ ಬೆಲೆ ಇರುವುದು ಮಂಜೇಶ್ವರದಲ್ಲಿ, ಆಮೇಲೆ ಕಾಸರಗೋಡಿನಲ್ಲಿ. ನಾವೆಲ್ಲ ಒಂದೇ ಕಡೆ ವೋಟು ಹಾಕಿದರೂ ತಿರುವನಂತಪುರದಲ್ಲಿ ಯಾವ ಸರಕಾರವೂ ಬೀಳುವುದಿಲ್ಲ. ಜಾಸ್ತಿ ಜನ ಇರುವವರಿಗೆ ಬೇಕಾದ ಕಾನೂನು ಮಾಡಿಸಿಕೊಳ್ಳಲು ವೋಟು ಸಾಕು. ಕಡಿಮೆ ಜನ ಇರುವವರಿಗೆ ವೋಟಿನಿಂದ ಆಗದ ಕೆಲಸಕ್ಕೇ ಅಲ್ವಾ ಮೂಲಭೂತ ಹಕ್ಕು ಅಂತ ಮಾಡಿದ್ದು?

ಕೇರಳ ಏನೂ ಕೊಟ್ಟಿಲ್ಲ ಅಂತ ನಾನು ಹೇಳುವುದಿಲ್ಲ. 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳರು ಮತ್ತು ಕನ್ನಡಿಗರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಇದೆ. ಒಳ್ಳೆಯ ಕಾಯ್ದೆ. ಆದರೆ ಅದು ರಾಜ್ಯದ ಕಾಯ್ದೆ. ವಿಧಾನಸಭೆ ಕೊಟ್ಟದ್ದನ್ನು ವಿಧಾನಸಭೆಯೇ ಒಂದು ಮಧ್ಯಾಹ್ನದಲ್ಲಿ ವಾಪಸು ತೆಗೆದುಕೊಳ್ಳಬಹುದು. 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿ ಎಷ್ಟು ಗಾಬರಿ ಆಯಿತು, ಎಷ್ಟು ಮೆರವಣಿಗೆ ಆಯಿತು ಅಂತ ಎಲ್ಲರಿಗೂ ನೆನಪಿದೆ. ಒಂದೊಂದು ಮಸೂದೆ ಬಂದಾಗಲೂ ಬೀದಿಗಿಳಿದು ವಿನಾಯಿತಿ ಬೇಡುತ್ತಾ ಎಷ್ಟು ದಿನ ಇರುವುದು?

ಹಕ್ಕಲ್ಲದ್ದನ್ನು ಹಕ್ಕು ಮಾಡಿದ ಉದಾಹರಣೆ ನಮ್ಮಲ್ಲೇ ಇದೆ. ಮಕ್ಕಳಿಗೆ ಉಚಿತ ಶಿಕ್ಷಣ ಎನ್ನುವುದು ಮೊದಲು 45ನೇ ವಿಧಿಯಲ್ಲಿ ಬರೀ ನಿರ್ದೇಶಕ ತತ್ತ್ವವಾಗಿ, ಅಂದರೆ ಕೋರ್ಟಿಗೆ ಹೋಗಿ ಕೇಳಲಾಗದ ಸೂಚನೆಯಾಗಿ ಇತ್ತು. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಹಕ್ಕಿನ ಬಲ ಕೊಟ್ಟಿತು. 2002ರಲ್ಲಿ 86ನೇ ತಿದ್ದುಪಡಿ ಬಂದು 21ಎ ವಿಧಿಯಾಯಿತು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು. ಅದರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಕಾಯ್ದೆಯಲ್ಲೂ ಕಲಿಕೆಯ ಮಾಧ್ಯಮ "ಸಾಧ್ಯವಾದ ಮಟ್ಟಿಗೆ" ಮಾತೃಭಾಷೆ ಇರಲಿ ಅಂತ ಬರೆದರು. ಶಾಲೆ ಹಕ್ಕಾಯಿತು. ಶಾಲೆಯೊಳಗಿನ ಭಾಷೆ ಮಾತ್ರ ಹೊರಗೇ ಉಳಿಯಿತು.

ಇನ್ನು ಎಡನೀರಿನ ಕತೆ. ಚೆರ್ಕಳದಿಂದ ಬದಿಯಡ್ಕ ಕಡೆ ಹೋಗುವಾಗ ಸಿಗುವ ಊರು. ಅಲ್ಲಿನ ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂ ಸುಧಾರಣೆ ಕಾಯ್ದೆಯ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕನ್ನಡ ಮಾತಾಡುವ, ಯಕ್ಷಗಾನ ಪ್ರೀತಿಸುವ ಸ್ವಾಮೀಜಿ. 13 ನ್ಯಾಯಾಧೀಶರು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ. ಇವತ್ತು ದೇಶದ ಯಾವ ಸರಕಾರಕ್ಕೂ ಎಷ್ಟೇ ಸೀಟಿದ್ದರೂ ದಾಟಲಾಗದ ಗೆರೆ ಅದು. ಹೊರಟದ್ದು ನಮ್ಮ ಊರಿನಿಂದ. ಅಂಥ ಊರಿನವರೇ "ಕೋರ್ಟಿನಿಂದ ಏನಾಗುತ್ತದೆ ಬಿಡಿ" ಅಂದರೆ ನನಗೆ ಸಿಟ್ಟು ಬರುತ್ತದೆ.

ಯಾವ ತಿದ್ದುಪಡಿ ಬೇಕು ಅಂತ ಹೇಳಿಬಿಡುತ್ತೇನೆ. 21ಎ ಪಕ್ಕದಲ್ಲಿ ಇನ್ನೊಂದು ವಿಧಿ. 1949ರಲ್ಲೇ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಅಳತೆ ಹಾಕಿಕೊಟ್ಟಿದೆ. ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳು ಇದ್ದರೆ ಅವರ ಭಾಷೆಯಲ್ಲಿ ಪಾಠ. ಅದನ್ನೇ ಇಟ್ಟುಕೊಳ್ಳಲಿ. ಪಾಠ ಮಾಡುವವರಿಗೆ ಆ ಭಾಷೆ ಗೊತ್ತಿರಬೇಕು ಅಂತ ವಿಧಿಯಲ್ಲೇ ಬರೆಯಲಿ. ಯಾವ ಭಾಷೆ ಎನ್ನುವುದನ್ನು ಅಪ್ಪ ಅಮ್ಮ ನಿರ್ಧರಿಸಲಿ. ಶಿಕ್ಷಣ ಈಗ ರಾಜ್ಯಪಟ್ಟಿಯಲ್ಲಿ ಇಲ್ಲ, 42ನೇ ತಿದ್ದುಪಡಿ ಅದನ್ನು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ತಂದಿದೆ. ಹಾಗಾಗಿ ಇದಕ್ಕೆ ಬೇಕಾದ ಕಾನೂನನ್ನು ಸಂಸತ್ತೇ ಮಾಡಬಹುದು.

ಒಂದು ಮಾತು ಕರ್ನಾಟಕದ ಓದುಗರಿಗೆ. ಈ ಹಕ್ಕು ಬಂದರೆ ಬೆಳಗಾವಿಯ ಮರಾಠಿ ಮಗುವಿಗೂ ಬರುತ್ತದೆ, ಬೆಂಗಳೂರಿನ ತಮಿಳು ಮಗುವಿಗೂ ಬರುತ್ತದೆ. ಬರಲಿ. ಮಂಜೇಶ್ವರದಲ್ಲಿ ಒಂದು ನ್ಯಾಯ, ಬೆಳಗಾವಿಯಲ್ಲಿ ಇನ್ನೊಂದು ನ್ಯಾಯ ಕೇಳಲು ನನ್ನಿಂದಾಗದು. ಗಡಿಯ ಪ್ರಶ್ನೆಯೇ ಬೇರೆ. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು (ಈಗಿನ ಕರ್ನಾಟಕ) ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಹಾಗೇ ಬಿದ್ದಿದೆ. ಆ ವರದಿಯ ದಾರಿ ಕಾಯುತ್ತಾ ನಮ್ಮ ಮಕ್ಕಳು ಅಜ್ಜ ಅಜ್ಜಿಯರಾದರು. ಮೊಮ್ಮಕ್ಕಳಾದರೂ ಇರುವ ರಾಜ್ಯದಲ್ಲೇ ಹಕ್ಕಿನಿಂದ ಓದಲಿ.

ವಿರೋಧ: ಹಕ್ಕು ಸಿಗುವಷ್ಟರಲ್ಲಿ ಮಗು ನಾಲ್ಕನೇ ಕ್ಲಾಸು ದಾಟಿರುತ್ತದೆ

ವಕೀಲರು ಬರೆದ ಗಣಿತ ಪೀರಿಯಡ್ ಅಕ್ಷರಶಃ ನಿಜ. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಾ ನಾನು ಅದನ್ನು ಕೇಳಿಸಿಕೊಂಡವನು. ರೋಗ ಯಾವುದು ಅಂತ ನಮಗಿಬ್ಬರಿಗೂ ಜಗಳ ಇಲ್ಲ. ಅವರು ಬರೆದುಕೊಟ್ಟ ಮದ್ದಿನ ಬಗ್ಗೆ ಮಾತ್ರ ನನ್ನ ತಕರಾರು.

ಮೊದಲಿಗೆ, ಯಾರ ಮಾತೃಭಾಷೆ? ನಾನು ಪಾಠ ಮಾಡಿದ ಕನ್ನಡ ಮಾಧ್ಯಮದ ತರಗತಿಯಲ್ಲಿ ಹಾಜರಿ ಕರೆಯುತ್ತಾ ಹೋದರೆ ಒಂದು ಮಗುವಿನ ಮನೆಯಲ್ಲಿ ತುಳು, ಇನ್ನೊಂದರ ಮನೆಯಲ್ಲಿ ಹವ್ಯಕ, ಮತ್ತೊಂದರ ಮನೆಯಲ್ಲಿ ಕೊಂಕಣಿ. ಮರಾಟಿ ಆಡುವವರು, ಬ್ಯಾರಿ ಆಡುವವರು, ಕರಾಡ ಆಡುವವರು ಎಲ್ಲ ಇದ್ದರು. ಪುಸ್ತಕದ ಕನ್ನಡವನ್ನೇ ಮನೆಯಲ್ಲೂ ಆಡುವ ಮಗು ಹುಡುಕಿದರೆ ಸಿಕ್ಕೀತು. ಸಪ್ತಭಾಷೆಗಳ ನಾಡು ಅಂತ ವೇದಿಕೆಯಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತೇವೆ. ಅದನ್ನು ಕೋರ್ಟಿನಲ್ಲಿ ಹೇಳಿ ನೋಡಿ. "ನಿಮ್ಮ ಕನ್ನಡ ಶಾಲೆಯ ಮಕ್ಕಳಲ್ಲಿ ಕನ್ನಡ ಮಾತೃಭಾಷೆ ಆದವರು ಎಷ್ಟು ಜನ?" ಅಂತ ಸರಕಾರಿ ವಕೀಲರು ಕೇಳಿದರೆ ಏನು ಉತ್ತರ? ಈಗ ನಮ್ಮ ಶಾಲೆಗಳು ನಡೆಯುತ್ತಿರುವುದು ರೂಢಿಯಿಂದ. ತುಳುವರ ಮಕ್ಕಳು ಕನ್ನಡದಲ್ಲಿ ಓದುತ್ತಾರೆ, ಯಾರೂ ಪ್ರಶ್ನೆ ಮಾಡುವುದಿಲ್ಲ. ಈ ಸಡಿಲಿಕೆ ನಮ್ಮನ್ನು ಕಾಪಾಡಿದೆ. ಬಿಗಿಯಾದ ಹಕ್ಕು ಬಂದರೆ ಬಿಗಿಯಾದ ಎಣಿಕೆಯೂ ಬರುತ್ತದೆ.

ಅಪ್ಪ ಅಮ್ಮ ನಿರ್ಧರಿಸಲಿ ಅಂತ ವಕೀಲರು ಒಂದು ಸಾಲಿನಲ್ಲಿ ದಾಟಿಬಿಟ್ಟರು. ಆ ಸಾಲಿನ ಹಿಂದೆ ದೊಡ್ಡ ತೀರ್ಪೇ ಇದೆ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಇರಬೇಕು ಅಂತ ಕರ್ನಾಟಕ 1994ರಲ್ಲಿ ಭಾಷಾ ನೀತಿ ತಂದಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ. ಮಗುವಿನ ಮಾತೃಭಾಷೆ ಯಾವುದು ಅಂತ ಹೇಳಬೇಕಾದವರು ಪೋಷಕರು, ಮಾತೃಭಾಷೆಯಲ್ಲೇ ಕಲಿಸಿ ಅಂತ ಒತ್ತಾಯ ಮಾಡುವ ಅಧಿಕಾರ 350ಎ ವಿಧಿಯಿಂದ ರಾಜ್ಯಕ್ಕೆ ಸಿಗುವುದಿಲ್ಲ ಅಂದಿತು. ಸರಕಾರದ ಕೈ ಕಟ್ಟಿ ವ್ಯಕ್ತಿಯ ಆಯ್ಕೆಯನ್ನು ಕಾಪಾಡಿದ ತೀರ್ಪು. ವಕೀಲರ ಲೆಕ್ಕದಲ್ಲಿ ಅದು ಹಕ್ಕಿನ ಗೆಲುವು. ಕನ್ನಡ ಶಾಲೆಗಳಿಗೆ ಅದರಿಂದ ಏನಾಯಿತು? ಹಕ್ಕು ಇರುವುದು ಒಬ್ಬೊಬ್ಬರಿಗೆ. ತರಗತಿ ನಡೆಯಬೇಕಾದರೆ ಹತ್ತಾರು ಮಕ್ಕಳು ಒಟ್ಟಿಗೆ ಬರಬೇಕು.

ಕೇರಳದ ಶಾಲೆಗಳಲ್ಲಿ ಅಧ್ಯಾಪಕರ ಹುದ್ದೆ ಹೇಗೆ ನಿಲ್ಲುತ್ತದೆ ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಜೂನಿನಲ್ಲಿ ಶಾಲೆ ಶುರುವಾಗಿ ಆರನೇ ಕೆಲಸದ ದಿನ ತಲೆ ಎಣಿಕೆ. ಆ ದಿನದ ಲೆಕ್ಕದ ಮೇಲೆ ತರಗತಿಗೆ ಎಷ್ಟು ಡಿವಿಷನ್ (ವಿಭಾಗ), ಎಷ್ಟು ಹುದ್ದೆ ಅಂತ ತೀರ್ಮಾನ. ಮೇ ತಿಂಗಳಿಡೀ ನಾವು ಮನೆ ಮನೆ ಸುತ್ತುತ್ತಿದ್ದೆವು. "ಮಾಷ್ಟ್ರೇ, ಸಣ್ಣವನನ್ನು ಇಂಗ್ಲಿಷಿಗೆ ಹಾಕಿದ್ದೇವೆ, ಬೇಜಾರು ಮಾಡ್ಕೊಳ್ಬೇಡಿ" ಅನ್ನುತ್ತಾ ಚಹಾ ಕೊಡುತ್ತಿದ್ದರು. ನಮ್ಮದೇ ಹಳೆ ವಿದ್ಯಾರ್ಥಿಗಳು. ಆರನೇ ದಿನ ಎರಡು ಮಕ್ಕಳು ಕಡಿಮೆಯಾದರೆ ಡಿವಿಷನ್ ಫಾಲ್, ಒಂದು ಹುದ್ದೆ ಹೋಯಿತು. ಆ ಮಕ್ಕಳನ್ನು ಕರೆದೊಯ್ದದ್ದು ಮಲಯಾಳಂ ಅಲ್ಲ, ಕೇರಳ ಸರಕಾರವೂ ಅಲ್ಲ. ಇದಕ್ಕೆ ಯಾವ ವಿಧಿಯಲ್ಲಿ ಮದ್ದು ಇದೆ ಹೇಳಿ. ತರಗತಿಗೆ 10 ಮಕ್ಕಳು ಅಂತ ಸಂವಿಧಾನದಲ್ಲೇ ಬರೆದರಂತೂ ಮುಗಿಯಿತು. ಒಂಬತ್ತು ಮಕ್ಕಳಿರುವ ಒಳನಾಡಿನ ಎಲ್.ಪಿ. (ನಾಲ್ಕನೇ ತರಗತಿವರೆಗಿನ) ಶಾಲೆಯ ಕನ್ನಡ ತರಗತಿಯನ್ನು ಸರಕಾರ ಧೈರ್ಯವಾಗಿ ಮುಚ್ಚಬಹುದು. ಇವತ್ತು ಮುಚ್ಚುವುದಕ್ಕೆ ಕನಿಷ್ಠ ನಾಚಿಕೆಯಾದರೂ ಇದೆ.

86ನೇ ತಿದ್ದುಪಡಿಯನ್ನು ಅವರು ಹೊಗಳಿದರು. ನಾನೂ ಹೊಗಳುತ್ತೇನೆ, ಶಾಲೆಯ ಮುಖ ನೋಡದ ಮಕ್ಕಳಿಗೆ ಅದು ದೊಡ್ಡ ಉಪಕಾರ. ಆದರೆ ಅದರ ಬಾಲದಲ್ಲಿ ಬಂದದ್ದನ್ನೂ ನೋಡಬೇಕು. ಆ ಹಕ್ಕಿನ ಕಾಯ್ದೆಯಲ್ಲಿ ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟು ಬಡ ಮಕ್ಕಳಿಗೆ ಅಂತ ಇತ್ತು. ಕರ್ನಾಟಕದಲ್ಲಿ ಆ ಸೀಟುಗಳನ್ನು ಹಿಡಿದು ಎಷ್ಟೋ ಮಕ್ಕಳು ಸರಕಾರಿ ಕನ್ನಡ ಶಾಲೆ ಬಿಟ್ಟು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು, ಫೀಸು ಸರಕಾರದ್ದೇ. ಕೊನೆಗೆ 2019ರಲ್ಲಿ ಕರ್ನಾಟಕ ನಿಯಮ ಬದಲಾಯಿಸಿತು. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆ ಸೀಟು ಸಿಗುವುದಿಲ್ಲ ಅಂತಾಯಿತು. ಹಕ್ಕು ಕೊಟ್ಟವರಿಗೆ ಕನ್ನಡ ಶಾಲೆ ಖಾಲಿ ಮಾಡುವ ಉದ್ದೇಶ ಇತ್ತಾ? ಖಂಡಿತ ಇರಲಿಲ್ಲ. ದೊಡ್ಡ ಹಕ್ಕುಗಳು ಹೀಗೆ, ನಾವು ಅಂದುಕೊಂಡ ದಾರಿಯಲ್ಲೇ ಹೋಗುತ್ತವೆ ಅಂತ ಹೇಳಲಾಗದು.

ಎಡನೀರು ನನಗೂ ಹೆಮ್ಮೆಯೇ. ಸ್ವಾಮೀಜಿ 2020ರಲ್ಲಿ ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ನಮ್ಮ ಊರಿನ ಹೆಸರು ಬರೆದವು. ಆದರೆ ಕತೆಯನ್ನು ಪೂರ್ತಿ ಹೇಳಬೇಕು. ಕೇಸು ಗೆದ್ದದ್ದು ದೇಶ. ಭೂ ಸುಧಾರಣೆ ಕಾಯ್ದೆ ಹಾಗೇ ಉಳಿಯಿತು, ಅದಕ್ಕೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯನ್ನು ಕೋರ್ಟ್ ಎತ್ತಿಹಿಡಿಯಿತು. ಯಾವ ಆಸ್ತಿಯ ಹಕ್ಕು ಹಿಡಿದು ಅವರು ದಿಲ್ಲಿಗೆ ಹೋದರೋ, ಅದನ್ನು 1978ರ 44ನೇ ತಿದ್ದುಪಡಿ ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆದುಹಾಕಿತು. ತುರ್ತು ಪರಿಸ್ಥಿತಿ ಬಂದರೂ ಜೀವದ ಹಕ್ಕನ್ನು ಅಮಾನತಿನಲ್ಲಿ ಇಡುವಂತಿಲ್ಲ ಅಂತ ಕಟ್ಟುಮಾಡಿದ್ದೂ ಅದೇ ತಿದ್ದುಪಡಿ. ಒಂದೇ ಕಾಗದದಲ್ಲಿ ಒಂದು ಹಕ್ಕು ಗಟ್ಟಿಯಾಯಿತು, ಇನ್ನೊಂದು ಹೋಯಿತು. ತಿದ್ದುಪಡಿಗಳ ಚರಿತ್ರೆ ನೋಡಿದರೆ ಸರಕಾರದ ಕೈ ಕಟ್ಟಿದವು ಕಮ್ಮಿ, ಬಿಚ್ಚಿದವು ಜಾಸ್ತಿ. 1951ರ ಮೊದಲನೆಯದೇ ಮಾತಿನ ಸ್ವಾತಂತ್ರ್ಯದ ಮೇಲೆ ಹೊಸ ನಿರ್ಬಂಧ ತಂದಿತು. 1976ರ 42ನೆಯದರ ಬಗ್ಗೆ ಹೇಳುವುದೇ ಬೇಡ. ಶಿಕ್ಷಣವನ್ನು ಸಮವರ್ತಿ ಪಟ್ಟಿಗೆ ತಂದದ್ದು ಅದೇ ಅಂತ ವಕೀಲರು ಖುಷಿಪಟ್ಟರು. ತುರ್ತು ಪರಿಸ್ಥಿತಿಯ ಉಡುಗೊರೆ ಅದು.

ಇನ್ನು ಕಾಲದ ಲೆಕ್ಕ. ಸ್ವಾಮೀಜಿಯ ಅರ್ಜಿ 1970ರ ಮಾರ್ಚಿನದ್ದು, ತೀರ್ಪು 1973ರ ಏಪ್ರಿಲಿನಲ್ಲಿ ಬಂತು. ಅಷ್ಟು ದೊಡ್ಡ ಕೇಸು ಬೇಗ ಮುಗಿಯಿತು ಅಂತಲೇ ಹೇಳಬೇಕು. ಅಷ್ಟೇ ಬೇಗ ನಮ್ಮ ಕೇಸೂ ಮುಗಿದರೆ? ಒಂದನೇ ತರಗತಿಯಲ್ಲಿ ಅರ್ಜಿ ಹಾಕಿದ ಮಗು ತೀರ್ಪು ಬರುವಾಗ ನಾಲ್ಕನೆಯಲ್ಲಿರುತ್ತದೆ. ಎಲ್.ಪಿ. ಶಾಲೆ ಅಲ್ಲಿಗೆ ಮುಗಿಯುತ್ತದೆ. ಹೈಕೋರ್ಟಿರುವುದು ಎರ್ನಾಕುಳಂನಲ್ಲಿ. ಪೆರ್ಲದ ಬೀಡಿ ಕಟ್ಟುವ ತಾಯಿ ಕೂಲಿ ಬಿಟ್ಟು ರೈಲು ಹತ್ತಿ ಎಷ್ಟು ಸಲ ಹೋಗಿಬರುತ್ತಾಳೆ? ಹಕ್ಕು ಅನ್ನುವುದು ಕೋರ್ಟಿನ ಮೆಟ್ಟಿಲು ಹತ್ತಬಲ್ಲವರ ಆಸ್ತಿಯಾಗುತ್ತದೆ ಅನ್ನುವ ಭಯ ನನಗೆ.

ಅದಕ್ಕಿಂತ ಮೊದಲು ತಿದ್ದುಪಡಿ ಆಗಬೇಕಲ್ಲ. ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ, ಜತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಪಾಲು ಬೇಕು. ಬೆಳಗಾವಿಯಲ್ಲಿ ಮರಾಠಿ ಮಾಧ್ಯಮವನ್ನು ಮೂಲಭೂತ ಹಕ್ಕು ಮಾಡುವ ಮಸೂದೆಗೆ ಕರ್ನಾಟಕದ ಯಾವ ಸಂಸದ ಕೈ ಎತ್ತುತ್ತಾರೆ? ವಕೀಲರು "ಬರಲಿ" ಅಂದರು. ಅವರ ದೊಡ್ಡ ಮನಸ್ಸು. ನಮ್ಮ ಪರವಾಗಿ ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಭಾಷಣ ಮಾಡುವವರು ಆ ಮಾತು ಕೇಳಿದರೆ ಮೈಕು ಕೆಳಗಿಡುತ್ತಾರೆ. ಕರ್ನಾಟಕದಲ್ಲೂ ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡುವ 2015ರ ಕಾಯ್ದೆ ಇದೆ ಅನ್ನುವುದನ್ನು ನಾವು ಇಲ್ಲಿ ಮಾತಾಡುವುದೇ ಇಲ್ಲ.

ಹಾಗಾದರೆ ಸುಮ್ನೆ ಕೂರುವುದಾ? ಕೂರುವುದು ಬೇಡ. ಕೆಲಸ ಆಗಬೇಕಾದದ್ದು ಪಿ.ಎಸ್.ಸಿ.ಯ ನೇಮಕಾತಿ ನಿಯಮದಲ್ಲಿ. ಕನ್ನಡ ಮಾಧ್ಯಮದ ಹುದ್ದೆಗೆ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರನ್ನೇ ಪರಿಗಣಿಸಬೇಕು. ಸಂದರ್ಶನದಲ್ಲಿ ಆ ವಿಷಯದ ಒಂದು ಪಾಠವನ್ನು ಕನ್ನಡದಲ್ಲಿ ಮಾಡಿಸಬೇಕು. ಕೇಳುವವರಲ್ಲಿ ಕನ್ನಡ ಬಲ್ಲ ವಿಷಯ ತಜ್ಞರು ಇರಬೇಕು. ಲಂಬಕೋನ ತ್ರಿಭುಜವನ್ನು ಐದು ನಿಮಿಷ ವಿವರಿಸಲಾಗದವರು ಅಲ್ಲೇ ಗೊತ್ತಾಗುತ್ತಾರೆ. ಇದಕ್ಕೆ ಲೋಕಸಭೆ ಬೇಡ, 13 ನ್ಯಾಯಾಧೀಶರೂ ಬೇಡ. ತಿರುವನಂತಪುರದಲ್ಲಿ ಎರಡು ಪುಟದ ಆದೇಶ ಸಾಕು. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ 2021ರಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಐದೇ ಸೀಟು ಅಂತ ಕೈಚೆಲ್ಲುವ ಮೊದಲು ಆ ಐದೂ ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸಿದವರು ಯಾರಿದ್ದಾರೆ?

ವಕೀಲರು ತಮ್ಮ ತಿದ್ದುಪಡಿಯ ಕರಡು ಹಿಡಿದು ಸಹಿಗೆ ಬಂದರೆ ನಾನು ಹಾಕಲಿಕ್ಕಿಲ್ಲ. ಆದರೆ ಅವರ ಇಂಗ್ಲಿಷು, ಮಲಯಾಳಂ ಎರಡೂ ನನ್ನದಕ್ಕಿಂತ ಚೆನ್ನಾಗಿದೆ. ನೇಮಕಾತಿ ನಿಯಮ ಬದಲಾಯಿಸಲು ಪಿ.ಎಸ್.ಸಿ.ಗೆ ಒಂದು ಮನವಿ ಬರೆದುಕೊಡಲಿ. ಮುಂದಿನ ರ‍್ಯಾಂಕ್ ಲಿಸ್ಟ್ ಬರುವ ಮೊದಲು ಬೇಕು. ಜತೆಗೆ ಒಂದು ಕನ್ನಡ ಪ್ರತಿಯನ್ನೂ ಲಗತ್ತಿಸಲಿ, 1969ರ ಕಾಯ್ದೆಯ ಪ್ರಕಾರ ಅವರು ಕನ್ನಡದಲ್ಲೇ ಉತ್ತರ ಕೊಡಬೇಕಲ್ಲ, ನೋಡೋಣ.